ಹಕ್ಕಿ ಓಡಿಸುವ ಸಿಡಿಯಲ್ಲಿ ಯಾರ ದನಿಯಿದೆ?

ತೊಂಡೆಯ ಚಪ್ಪರಕ್ಕೆ, ಅಲಸಂಡೆಯ ಸಾಲಿಗೆ ಹಕ್ಕಿಗಳು ಎರಗದಂತೆ ಹಳೆಯ ಸಿಡಿಗಳನ್ನು ದಾರದಲ್ಲಿ ಕಟ್ಟಿ ತೂಗಬಿಡುವುದು ಕಾಸರಗೋಡಿನ ಹಳ್ಳಿಗಳಲ್ಲಿ ಇಂದು ಸಾಮಾನ್ಯವಾದ ನೋಟ. ಗಾಳಿ ಬೀಸಿದಾಗ ತಟ್ಟೆ ತಿರುಗುತ್ತದೆ. ಬಿಸಿಲು ಬಿದ್ದೊಡನೆ ಕಾಮನಬಿಲ್ಲಿನ ಬಣ್ಣಗಳು ಚಿಮ್ಮುತ್ತವೆ. ಗಿಳಿಗಳು ಬೆದರಿ ದೂರ ಹಾರುತ್ತವೆ. ಒಂದು ಕಾಲದಲ್ಲಿ ಬೆರಳು ತಾಗದಂತೆ ಅಂಚು ಹಿಡಿದು ಜೋಪಾನವಾಗಿ ಪೆಟ್ಟಿಗೆಯಿಂದ ತೆಗೆಯುತ್ತಿದ್ದ ವಸ್ತುವಿಗೆ ಉಳಿದಿರುವ ಕೊನೆಯ ಉದ್ಯೋಗ ಇದು.

ತೂಗುತ್ತಿರುವ ಸಿಡಿ ಜನಪ್ರಿಯ ಚಲನಚಿತ್ರಗೀತೆಗಳದ್ದಾಗಿದ್ದರೆ ನಷ್ಟವೇನೂ ಇಲ್ಲ. ಆ ಹಾಡುಗಳು ನೂರು ಕಡೆ ಉಳಿದಿವೆ. ಮೊಬೈಲಿನಲ್ಲಿ ಹೆಸರು ಹೇಳಿದರೆ ಕ್ಷಣದಲ್ಲಿ ಕೇಳಿಸುತ್ತವೆ. ಆದರೆ ಆ ತಟ್ಟೆಯ ಬೆನ್ನಿನ ಮೇಲೆ ಯಾರೋ ಕೈಯಕ್ಷರದಲ್ಲಿ ಒಂದು ಪ್ರಸಂಗದ ಹೆಸರನ್ನೂ ಒಂದು ಇಸವಿಯನ್ನೂ ಬರೆದಿದ್ದರೆ? ಆಗ ಅದು ಒಂದು ಊರಿನಲ್ಲಿ, ಒಂದು ರಾತ್ರಿ, ಕೆಲವೇ ಜನರ ಮುಂದೆ ನಡೆದ ತಾಳಮದ್ದಳೆಯ ಏಕೈಕ ದಾಖಲೆಯಾಗಿರಬಹುದು. ಸಿಡಿಯ ಯುಗ ಮುಗಿಯಿತೆಂಬ ಸುದ್ದಿಯನ್ನು ಗಡಿನಾಡಿನ ಕನ್ನಡ ಮನೆಗಳು ಕೇಳಬೇಕಾದದ್ದು ಈ ಪ್ರಶ್ನೆಯ ಜೊತೆಯಲ್ಲಿ.

ಅಂಗಳವೇ ಸಭಾಂಗಣವಾಗಿದ್ದಾಗ

ಧ್ವನಿಯನ್ನು ಹಿಡಿದಿಡುವ ವಿದ್ಯೆ ಭಾರತಕ್ಕೆ ಬಂದು ನೂರಿಪ್ಪತ್ತು ವರ್ಷಗಳು ಮೀರಿವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ಕಂಪೆನಿಯವರು ಮುದ್ರಿಸಿಕೊಂಡರು. ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳ ಧ್ವನಿಗಷ್ಟೇ ಸ್ಥಳವಿತ್ತು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಮೂರು ನಿಮಿಷಕ್ಕೆ ಸಂಕ್ಷೇಪಿಸುವುದನ್ನು ಗಾಯಕರು ಕಲಿಯಬೇಕಾಯಿತು. ಧ್ವನಿಯ ವಾಹಕ ಬದಲಾದಾಗಲೆಲ್ಲ ಕಲೆಯೂ ಕೇಳುವ ರೀತಿಯೂ ಬದಲಾಗುತ್ತವೆ ಎಂಬುದಕ್ಕೆ ಇದು ಮೊದಲ ನಿದರ್ಶನ.

ಗ್ರಾಮಫೋನು ಉಳ್ಳವರ ಮನೆಯ ಅಲಂಕಾರವಾಗಿತ್ತು. ಸಾಮಾನ್ಯ ಮನೆಗಳಿಗೆ ಧ್ವನಿ ಪ್ರವೇಶಿಸಿದ್ದು ಮೊದಲು ರೇಡಿಯೊದ ಮೂಲಕ, ಆ ಬಳಿಕ ಧ್ವನಿಸುರುಳಿಯ ಮೂಲಕ. ಹಾಲೆಂಡಿನ ಫಿಲಿಪ್ಸ್ ಕಂಪೆನಿ 1963ರಲ್ಲಿ ಬಳಕೆಗೆ ತಂದ ಕ್ಯಾಸೆಟ್ಟು ಅಂಗೈಯಗಲದ ಡಬ್ಬಿ. ಅದನ್ನು ಯಾರು ಬೇಕಾದರೂ ತುಂಬಬಹುದಾಗಿತ್ತು, ಅಳಿಸಬಹುದಾಗಿತ್ತು, ಮತ್ತೆ ತುಂಬಬಹುದಾಗಿತ್ತು. ಗ್ರಾಮಫೋನು ತಟ್ಟೆಯ ಮಾಲೀಕನಿಗೆ ಕೇಳುವ ಅಧಿಕಾರ ಮಾತ್ರ ಇತ್ತು. ಕ್ಯಾಸೆಟ್ಟಿನ ಮಾಲೀಕನಿಗೆ ಮುದ್ರಿಸುವ ಅಧಿಕಾರವೂ ದೊರೆಯಿತು. ಎಂಬತ್ತರ ದಶಕದಲ್ಲಿ ಭಾರತದ ಪ್ರಾದೇಶಿಕ ಭಾಷೆಗಳ ಹಾಡು, ಹರಿಕಥೆ, ಭಜನೆಗಳೆಲ್ಲ ಒಮ್ಮೆಲೇ ಮಾರುಕಟ್ಟೆಗೆ ಬಂದದ್ದು ಈ ಅಗ್ಗದ ಡಬ್ಬಿಯಿಂದಲೇ.

ಕನ್ನಡದಲ್ಲಿ ಇದರ ಫಲ ವಿಶೇಷವಾಗಿತ್ತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಅದು ಹೆಸರಾಗಿದೆ. ಪಠ್ಯಪುಸ್ತಕದಲ್ಲಿದ್ದ ಕವಿತೆ ಅಡುಗೆಮನೆಗೆ ಬಂತು. ಗಡಿಯಾಚೆಯ ಕನ್ನಡ ಶಾಲೆಗಳ ಪಾಲಿಗೆ ಇದು ಕೇವಲ ಮನರಂಜನೆಯಾಗಿರಲಿಲ್ಲ. ಸಂಗೀತ ಬಲ್ಲ ಅಧ್ಯಾಪಕರು ಇಲ್ಲದ ಶಾಲೆಯಲ್ಲಿಯೂ ಒಂದು ಧ್ವನಿಸುರುಳಿಯನ್ನು ಹಿಂದೆಮುಂದೆ ಓಡಿಸುತ್ತ, ಸಾಲು ಸಾಲಾಗಿ ಕೇಳಿಸುತ್ತ, ಮಕ್ಕಳಿಗೆ ವಾರ್ಷಿಕೋತ್ಸವದ ಗೀತೆಯನ್ನು ಕಲಿಸಬಹುದಾಗಿತ್ತು. ಕನ್ನಡದ ಉಚ್ಚಾರವನ್ನು ತಿದ್ದುವ ಮೌನ ಅಧ್ಯಾಪಕನಾಗಿ ಟೇಪ್ ರೆಕಾರ್ಡರು ತರಗತಿಯ ಮೇಜಿನ ಮೇಲೆ ಕುಳಿತಿತ್ತು.

ಕಾಸರಗೋಡಿನ ಮನೆಗಳಲ್ಲಿ ಈ ಯಂತ್ರದ ಕಥೆಗೆ ಇನ್ನೊಂದು ಎಳೆಯಿದೆ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಮರಳುವಾಗ ಹೊತ್ತು ತರುತ್ತಿದ್ದ ಸಾಮಗ್ರಿಗಳಲ್ಲಿ ರೇಡಿಯೊವೂ ಕ್ಯಾಸೆಟ್ಟೂ ಒಂದರಲ್ಲೇ ಇದ್ದ ‘ಟೂ ಇನ್ ವನ್’ ಮುಖ್ಯವಾದುದು. ಅಕ್ಷರ ಬಾರದ ತಾಯಿ ಮಗನಿಗೆ ಹೇಳಬೇಕಾದುದನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹೇಳಿ ಕಳುಹಿಸುತ್ತಿದ್ದ ಕಾಲ ಅದು. ಧ್ವನಿಯೇ ಓಲೆಯಾಗಿತ್ತು.

ಅಡಿಕೆ ಸುಲಿಯುವ ದಿನಗಳಲ್ಲಿ ಅಂಗಳದ ಮೂಲೆಯ ಆ ಯಂತ್ರದಿಂದ ಚೆಂಡೆಯ ನಾದ ಹೊರಡುತ್ತಿತ್ತು. ಕೈಗಳು ಸಿಪ್ಪೆ ಬಿಡಿಸುತ್ತಿದ್ದವು; ಕಿವಿಗಳು ವಾಲಿಯ ತರ್ಕವನ್ನೋ ಕರ್ಣನ ದುಃಖವನ್ನೋ ಹಿಂಬಾಲಿಸುತ್ತಿದ್ದವು. ಬೀಡಿ ಕಟ್ಟುವ ಜಗಲಿಗಳಲ್ಲಿಯೂ ಇದೇ ದೃಶ್ಯ. ಮಂಗಳೂರು ಆಕಾಶವಾಣಿಯ ಯಕ್ಷಗಾನ ಪ್ರಸಾರಕ್ಕೆ ಕಾದು ಕುಳಿತು, ಖಾಲಿ ಕ್ಯಾಸೆಟ್ಟಿಗೆ ಅದನ್ನು ಇಳಿಸಿಕೊಳ್ಳುವವರಿದ್ದರು. ಒಂದು ಯಂತ್ರದ ಸುತ್ತ ಅಜ್ಜನೂ ಮೊಮ್ಮಗನೂ ಕೆಲಸದವರೂ ನೆರೆಯವರೂ ಕುಳಿತು ಒಂದೇ ಮಾತನ್ನು ಕೇಳುತ್ತಿದ್ದರು. ಅರ್ಥವಾಗದ ಪದವನ್ನು ಮಗು ಕೇಳಿದರೆ ಉತ್ತರಿಸಲು ಪಕ್ಕದಲ್ಲಿ ಹಿರಿಯರಿರುತ್ತಿದ್ದರು.

ಬೆಳಕು ಓದುವ ಧ್ವನಿ

ಕ್ಯಾಸೆಟ್ಟಿಗೆ ಸವೆಯುವ ಸ್ವಭಾವವಿತ್ತು. ನಾಡ (ಟೇಪು) ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತಿಕೊಳ್ಳಬೇಕಾಗಿತ್ತು. ಪ್ರತಿ ಸಲ ನಕಲು ಮಾಡಿದಾಗಲೂ ಗರಗರ ಸದ್ದು ಹೆಚ್ಚುತ್ತಿತ್ತು. ಈ ದೋಷಗಳಿಗೆ ಉತ್ತರವಾಗಿ ಬಂದದ್ದು ಸಾಂದ್ರಮುದ್ರಿಕೆ, ಅರ್ಥಾತ್ ಸಿಡಿ. ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪೆನಿಗಳು ಜೊತೆಗೂಡಿ 1980ರ ವೇಳೆಗೆ ಇದರ ಮಾನಕವನ್ನು ನಿಗದಿಪಡಿಸಿದವು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕೆ ಬಂತು.

ತಟ್ಟೆಯ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರೊಳಗೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಅತಿ ಸೂಕ್ಷ್ಮವಾದ ಒಂದು ದಾರಿಯಿದೆ. ಬಿಡಿಸಿ ಉದ್ದಕ್ಕೆ ಹಾಸಿದರೆ ಅದು ಐದು ಕಿಲೋಮೀಟರಿಗೂ ಮಿಕ್ಕಿ ಚಾಚೀತು. ಆ ದಾರಿಯುದ್ದಕ್ಕೂ ಕಣ್ಣಿಗೆ ಕಾಣದ ಕುಳಿಗಳಿವೆ. ಲೇಸರ್ ಕಿರಣವೊಂದು ಈ ಕುಳಿಗಳ ಮೇಲೆ ಬಿದ್ದು ಪ್ರತಿಫಲಿಸುವ ರೀತಿಯಲ್ಲಿ ಉಂಟಾಗುವ ವ್ಯತ್ಯಾಸವನ್ನು ಯಂತ್ರ ಸೊನ್ನೆ ಮತ್ತು ಒಂದುಗಳಾಗಿ ಓದಿಕೊಳ್ಳುತ್ತದೆ. ಒಂದು ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಅಂಕಿಗಳಲ್ಲಿ ಬರೆದಿಡಲಾಗುತ್ತದೆ. ಮುಳ್ಳು ತಾಗುವುದಿಲ್ಲವಾದುದರಿಂದ ಕೇಳಿದಷ್ಟೂ ಸವೆಯುವುದಿಲ್ಲ. ಸಣ್ಣ ಗೀರು ಬಿದ್ದರೂ ಅಳಿದ ಅಂಕಿಗಳನ್ನು ಲೆಕ್ಕಹಾಕಿ ತುಂಬಿಕೊಳ್ಳುವ ಗಣಿತ ಅದರಲ್ಲಿ ಅಡಗಿದೆ.

ಆರಂಭದಲ್ಲಿ ಒಂದು ಸಿಡಿಯಲ್ಲಿ 74 ನಿಮಿಷಗಳ ಸಂಗೀತಕ್ಕೆ ಅವಕಾಶವಿತ್ತು. ಬೀಥೋವನ್‌ನ ಒಂಬತ್ತನೆಯ ಸಿಂಫನಿ ಇಡಿಯಾಗಿ ಹಿಡಿಸಬೇಕೆಂದು ಈ ಅವಧಿಯನ್ನು ಗೊತ್ತುಮಾಡಲಾಯಿತೆಂಬ ಕಥೆ ಪ್ರಸಿದ್ಧವಾಗಿದೆ. ಪಶ್ಚಿಮದ ಸಂಗೀತಕ್ಕೆ ಆ ಅವಧಿ ಸಾಕಾಯಿತು. ಆದರೆ ಸಂಜೆ ಕೇಳಿಗೆಯಾಗಿ, ಬೆಳಗಿನ ಜಾವ ಮಂಗಳವಾಗುವ ಯಕ್ಷಗಾನಕ್ಕೆ?

ಒಂದು ರಾತ್ರಿಯ ಆಟ, ಒಂದೇ ತಟ್ಟೆ

ಎಂಟೊಂಬತ್ತು ಗಂಟೆಗಳ ಆಟವನ್ನು ಕ್ಯಾಸೆಟ್ಟಿನಲ್ಲಿ ಹಿಡಿಯಬೇಕಾದರೆ 90 ನಿಮಿಷಗಳ ಆರು ಸುರುಳಿಗಳು ಬೇಕಾಗುತ್ತಿದ್ದವು. ಪ್ರತಿ 45 ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುವಾಗ ಪದ್ಯದ ಒಂದು ತುಂಡು ಕಳೆದುಹೋಗುತ್ತಿತ್ತು. ಸಂಗೀತದ ಸಿಡಿಗಳಲ್ಲಾದರೆ ಏಳೆಂಟು ತಟ್ಟೆಗಳು ಬೇಕು. ಈ ತೊಡಕನ್ನು ಬಿಡಿಸಿದ್ದು ಎಂಪಿ3.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರ ಮುಖ್ಯ ಕೊಡುಗೆಯಿಂದ ರೂಪುಗೊಂಡ ಈ ವಿಧಾನದ ತತ್ತ್ವ ಕುತೂಹಲಕರವಾದುದು. ಜೋರಾದ ಒಂದು ಧ್ವನಿ ಕೇಳುತ್ತಿರುವಾಗ ಅದರ ಸಮೀಪದ ಮೆಲುಧ್ವನಿಯನ್ನು ಮನುಷ್ಯನ ಕಿವಿ ಗ್ರಹಿಸುವುದಿಲ್ಲ. ಚೆಂಡೆಯ ಹುಯ್ಲಿನ ನಡುವೆ ಚಪ್ಪರದ ಅಂಚಿನ ಪಿಸುಮಾತು ಕೇಳಿಸದಿರುವಂತೆ. ಕಿವಿಗೆ ಹೇಗೂ ಕೇಳಿಸದ ಅಂಶಗಳನ್ನು ಬಿಟ್ಟು ಉಳಿದುದನ್ನು ಮಾತ್ರ ದಾಖಲಿಸಿದರೆ ಕಡತದ ಗಾತ್ರ ಮೂಲದ ಹನ್ನೊಂದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆಗ 700 ಎಂಬಿಯ ಒಂದೇ ತಟ್ಟೆಯಲ್ಲಿ ಸುಮಾರು ಹನ್ನೆರಡು ಗಂಟೆಗಳ ಧ್ವನಿ ಅಡಗುತ್ತದೆ. ಕೇಳಿಗೆಯಿಂದ ಮಂಗಳದವರೆಗೆ ಇಡೀ ರಾತ್ರಿಯ ಆಟ ಒಂದು ತಟ್ಟೆಗೆ ಇಳಿದದ್ದು ಹೀಗೆ.

ಈ ಶತಮಾನದ ಮೊದಲ ದಶಕ ಇಂತಹ ಸಿಡಿಗಳ ಸುಗ್ಗಿಕಾಲ. ಜಾತ್ರೆಯ ಸಂತೆಯಲ್ಲಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ಅವುಗಳ ರಾಶಿಯಿತ್ತು. ಅಂಗಡಿಯ ಸಿಡಿಗಳಿಗಿಂತ ಮುಖ್ಯವಾದದ್ದು ಮನೆಯ ಸಿಡಿಗಳು. ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಹಳೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ವರ್ಗಾಯಿಸಿ ಕೊಡುತ್ತಿದ್ದರು. ಮದುವೆ, ಉಪನಯನ, ದೇವಸ್ಥಾನದ ಬ್ರಹ್ಮಕಲಶ, ಶಾಲೆಯ ಶತಮಾನೋತ್ಸವ, ಆ ದಿನ ಸಂಜೆ ನಡೆದ ತಾಳಮದ್ದಳೆ, ಎಲ್ಲವೂ ತಟ್ಟೆಗಳಾಗಿ ಕಪಾಟನ್ನು ಸೇರಿದವು.

ಕೇರಳದ ಶಾಲಾ ಕಲೋತ್ಸವಕ್ಕೆ ಹೊರಡುವ ತಂಡದ ಚೀಲದಲ್ಲಿ ಗೆಜ್ಜೆಯ ಜೊತೆಗೆ ನೃತ್ಯದ ಹಾಡಿನ ಸಿಡಿಯೂ ಇರುತ್ತಿತ್ತು. ಒಂದು ಕೈಕೊಟ್ಟರೆ ಇರಲೆಂದು ಎರಡು ಪ್ರತಿ ಒಯ್ಯುವುದು ಅನುಭವಸ್ಥ ಅಧ್ಯಾಪಕರ ರೂಢಿ. ವೇದಿಕೆಯ ಮೇಲೆ ಮಗು ಭಂಗಿಯಲ್ಲಿ ನಿಂತಿರುವಾಗ ತಟ್ಟೆ ತೊದಲಿದರೆ ಆಗುವ ಸಂಕಟವನ್ನು ಅರಿತವರು ಈ ಎರಡನೆಯ ಪ್ರತಿಯ ಬೆಲೆಯನ್ನೂ ಅರಿತಿದ್ದರು.

ತಟ್ಟೆಯಿಲ್ಲದ ಹಾಡು

ಸಿಡಿಯನ್ನು ಉತ್ತುಂಗಕ್ಕೇರಿಸಿದ ಅಂಕಿಗಳೇ ಅದರ ಅವನತಿಗೂ ಕಾರಣವಾದವು. ಧ್ವನಿ ಒಮ್ಮೆ ಸೊನ್ನೆ ಒಂದುಗಳಾಗಿ ಮಾರ್ಪಟ್ಟ ಮೇಲೆ ಅದಕ್ಕೆ ತಟ್ಟೆಯೇ ಬೇಕೆಂಬ ನಿಯಮವಿಲ್ಲ. 1999ರಲ್ಲಿ ಅಮೆರಿಕದಲ್ಲಿ ಆರಂಭವಾದ ನ್ಯಾಪ್‌ಸ್ಟರ್ ಮೂಲಕ ಜನರು ಅಂತರ್ಜಾಲದಲ್ಲಿ ಹಾಡುಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿದರು. ನ್ಯಾಯಾಲಯದ ಆದೇಶದಿಂದ ಅದು 2001ರಲ್ಲಿ ಮುಚ್ಚಿತಾದರೂ ರೂಢಿ ನಿಲ್ಲಲಿಲ್ಲ. ಅದೇ ವರ್ಷ ಆ್ಯಪಲ್ ಕಂಪೆನಿಯ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗೆ ಇಳಿಸಿತು. 2008ರಲ್ಲಿ ಸ್ವೀಡನ್ನಿನಿಂದ ಹೊರಟ ಸ್ಪಾಟಿಫೈ ಹಾಡನ್ನು ಕೊಳ್ಳುವ ಅಗತ್ಯವನ್ನೇ ತೆಗೆದುಹಾಕಿತು. ಹಾಡು ನಳ್ಳಿಯ ನೀರಿನಂತಾಯಿತು. ತಿರುಗಿಸಿದಾಗ ಬರುತ್ತದೆ, ಮನೆಯಲ್ಲಿ ತುಂಬಿಟ್ಟುಕೊಳ್ಳಬೇಕಾದುದಿಲ್ಲ.

ಪರಿಣಾಮವನ್ನು ಅಮೆರಿಕದ ಲೆಕ್ಕಗಳು ಸ್ಪಷ್ಟವಾಗಿ ತೋರಿಸುತ್ತವೆ. 2000ದಲ್ಲಿ ಅಲ್ಲಿ 94 ಕೋಟಿಗೂ ಹೆಚ್ಚು ಸಿಡಿಗಳು ಮಾರುಕಟ್ಟೆಗೆ ಹೋಗಿದ್ದವು. 2022ರಲ್ಲಿ ಆ ಸಂಖ್ಯೆ ಸುಮಾರು 3.3 ಕೋಟಿ. ಅದೇ ವರ್ಷ ಹಳೆಯ ಮಾದರಿಯ ಗ್ರಾಮಫೋನು ತಟ್ಟೆಗಳು ಸುಮಾರು 4.1 ಕೋಟಿ ಮಾರಾಟವಾಗಿ, 1987ರ ಬಳಿಕ ಮೊದಲ ಸಲ ಸಿಡಿಯನ್ನು ಹಿಂದಿಕ್ಕಿದವು. ಅಜ್ಜ ಮರಳಿ ಬಂದ, ತಂದೆ ಮನೆ ಬಿಟ್ಟ ಎಂಬಂತಹ ವಿಚಿತ್ರ ಸ್ಥಿತಿ. ಜಗತ್ತಿನ ಧ್ವನಿಮುದ್ರಿತ ಸಂಗೀತದ ವರಮಾನದಲ್ಲಿ ಇಂದು ಸರಿಸುಮಾರು ಮೂರನೆಯ ಎರಡು ಭಾಗ ಬರುವುದು ಅಂತರ್ಜಾಲದ ನೇರ ಶ್ರವಣದಿಂದ.

ಭಾರತದಲ್ಲಿ ಬದಲಾವಣೆ ಇನ್ನೂ ವೇಗವಾಗಿ ನಡೆಯಿತು. ಮೆಮೊರಿ ಕಾರ್ಡಿನ ಅಗ್ಗದ ಮೊಬೈಲುಗಳು ಸಿಡಿ ಪ್ಲೇಯರನ್ನು ಮೊದಲು ಮೂಲೆಗೆ ಸರಿಸಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಡಾಟಾ ದರ ಕುಸಿದ ಬಳಿಕ ಹಾಡನ್ನು ಕೂಡಿಡುವ ಅಭ್ಯಾಸವೇ ಹೊರಟುಹೋಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಕಿಂಡಿ ಇಲ್ಲ. ಹೊಸ ಕಾರುಗಳಲ್ಲಿಯೂ ಇಲ್ಲ. ಕಲೋತ್ಸವದ ಚೀಲದಲ್ಲಿ ಈಗ ಇರುವುದು ಪೆನ್‌ಡ್ರೈವ್.

ದೊರೆತದ್ದು, ಕಳೆದದ್ದು

ಈ ಬದಲಾವಣೆಯನ್ನು ಕೇವಲ ಹಾನಿಯೆಂದು ಬಗೆಯುವುದು ನ್ಯಾಯವಲ್ಲ. ದುಬಾಯಿಯ ಕೋಣೆಯಲ್ಲಿ ಕುಳಿತವನು ತನ್ನೂರಿನ ಬಯಲಾಟವನ್ನು ಅದೇ ರಾತ್ರಿ ನೇರವಾಗಿ ನೋಡಬಲ್ಲ. ಯಕ್ಷಗಾನ ಕಲಿಯುವ ಶಾಲಾ ಬಾಲಕಿ ಒಂದೇ ಪದ್ಯವನ್ನು ನಾಲ್ವರು ಭಾಗವತರ ಕಂಠದಲ್ಲಿ ಕೇಳಿ ಹೋಲಿಸಬಲ್ಲಳು. ಅಂಗಡಿಯಲ್ಲಿ ಕನ್ನಡ ಸಿಡಿ ಸಿಗುವುದಿಲ್ಲವೆಂದು ಮಂಗಳೂರಿಗೆ ಹೋಗುವವರ ಕೈಯಲ್ಲಿ ಹೇಳಿಕಳುಹಿಸುವ ಅಗತ್ಯ ಯಾರಿಗೂ ಇಲ್ಲ. ಗಡಿ ಎಂಬುದು ಧ್ವನಿಯ ಮಟ್ಟಿಗೆ ಅಳಿದುಹೋಗಿದೆ.

ಆದರೂ ಮೂರು ವಿಷಯಗಳು ಸದ್ದಿಲ್ಲದೆ ಕೈತಪ್ಪಿವೆ.

ಮೊದಲನೆಯದು ಜೊತೆಯಾಗಿ ಕೇಳುವ ಪದ್ಧತಿ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಮೊಬೈಲು, ನಾಲ್ಕು ಜೋಡಿ ಇಯರ್‌ಫೋನು. ಒಬ್ಬರು ಕೇಳುತ್ತಿರುವುದು ಇನ್ನೊಬ್ಬರಿಗೆ ತಿಳಿಯದು. ಕೇಳುಗನ ಹಿಂದಿನ ಆಯ್ಕೆಗಳನ್ನು ನೋಡಿ ಮುಂದಿನದನ್ನು ತಾನೇ ಹಾಕುವ ಯಂತ್ರಕ್ಕೆ, ಆ ಮನೆಯ ಅಜ್ಜಿಗೆ ಯಾವ ಪದ್ಯ ಇಷ್ಟವೆಂಬುದು ಗೊತ್ತಿಲ್ಲ. ಮಗು ತಾನಾಗಿ ಎಂದೂ ಹುಡುಕದ ಒಂದು ಹಾಡು, ಒಂದು ಭಾಷಾಪ್ರಯೋಗ, ಹಿರಿಯರು ಕೇಳುತ್ತಿದ್ದ ಕಾರಣದಿಂದಲೇ ಕಿವಿಗೆ ಬೀಳುತ್ತಿತ್ತು. ಸುತ್ತಲೂ ಬೇರೆ ಭಾಷೆಯ ಧ್ವನಿಯೇ ತುಂಬಿರುವ ಊರಿನಲ್ಲಿ ಮನೆಯೊಳಗಿನ ಕನ್ನಡಕ್ಕೆ ಇದು ದೊಡ್ಡ ಆಸರೆಯಾಗಿತ್ತು.

ಎರಡನೆಯದು ಒಡೆತನ. ತಿಂಗಳ ಬಾಡಿಗೆ ಕೊಟ್ಟು ಕೇಳುವ ಹಾಡು ಕೇಳುಗನದಲ್ಲ. ಕಂಪೆನಿಗಳ ನಡುವಣ ಒಪ್ಪಂದ ಮುರಿದರೆ ಅದು ಮಾಯವಾಗುತ್ತದೆ. 2023ರಲ್ಲಿ ಸ್ಪಾಟಿಫೈ ಮತ್ತು ಝೀ ಮ್ಯೂಸಿಕ್ ನಡುವೆ ಒಪ್ಪಂದವಾಗದೆ ಅನೇಕ ಹಿಂದಿ ಚಿತ್ರಗೀತೆಗಳು ಆ ವೇದಿಕೆಯಿಂದ ಮರೆಯಾದವು. ಅಂತರ್ಜಾಲಕ್ಕೆ ಏರಿಸಿದ್ದು ಶಾಶ್ವತವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಒಮ್ಮೆ ಬಹು ಜನಪ್ರಿಯವಾಗಿದ್ದ ಮೈಸ್ಪೇಸ್ ಎಂಬ ತಾಣವು 2003ರಿಂದ 2015ರವರೆಗೆ ಜನರು ಏರಿಸಿದ್ದ ಸಂಗೀತವನ್ನು ತನ್ನ ಯಂತ್ರಗಳ ಸ್ಥಳಾಂತರದ ವೇಳೆ ಕಳೆದುಕೊಂಡಿತು. ಹೀಗೆ ಅಳಿದ ಹಾಡುಗಳ ಸಂಖ್ಯೆ ಐದು ಕೋಟಿಗೂ ಮಿಕ್ಕಿದ್ದೆಂಬ ಸುದ್ದಿ 2019ರಲ್ಲಿ ಹೊರಬಂದಾಗ ಸ್ವಂತ ಪ್ರತಿ ಇಟ್ಟುಕೊಳ್ಳದವರಿಗೆ ಪರಿಹಾರವಿರಲಿಲ್ಲ.

ಮೂರನೆಯದು ಹೆಸರು. ಕ್ಯಾಸೆಟ್ಟಿನ ಒಳಹಾಳೆಯಲ್ಲಿ, ಸಿಡಿಯ ಹೊದಿಕೆಯಲ್ಲಿ ಎಲ್ಲರ ಹೆಸರೂ ಇರುತ್ತಿತ್ತು: ಭಾಗವತರು ಯಾರು, ಮದ್ದಳೆ ಯಾರದು, ಚೆಂಡೆ ಯಾರದು, ಅರ್ಥಧಾರಿಗಳು ಯಾರು, ಪ್ರಸಂಗ ಯಾವ ಕವಿಯದು. ವಾಟ್ಸ್ಆ್ಯಪ್ಪಿನಲ್ಲಿ ಕೈಯಿಂದ ಕೈಗೆ ದಾಟುವ ತುಣುಕಿಗೆ ಇರುವುದು ಅಂಕಿಗಳ ಉದ್ದನೆಯ ಸಾಲು ಮಾತ್ರ. ಧ್ವನಿ ಉಳಿದಿದೆ, ಯಾರ ಧ್ವನಿಯೆಂಬುದು ಅಳಿದಿದೆ. ಹತ್ತು ವರ್ಷಗಳಲ್ಲಿ, ಗುರುತು ಹಿಡಿಯಬಲ್ಲ ಹಿರಿಯರು ಇಲ್ಲವಾದ ಮೇಲೆ, ಅದು ಅನಾಥ ಧ್ವನಿ.

ಎರಡನೆಯ ಪ್ರತಿಯಿಲ್ಲದ ಮಾತು

ತಾಳಮದ್ದಳೆಯ ವಿಷಯದಲ್ಲಿ ಈ ನಷ್ಟ ಬೇರೆಲ್ಲಕ್ಕಿಂತ ಗಂಭೀರವಾದುದು. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿವೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಇಂದಿಗೂ ಓದಬಹುದು, ಹಾಡಬಹುದು. ಆದರೆ ಪದ್ಯದ ಬಳಿಕ ಬರುವ ಅರ್ಥ ಎಲ್ಲಿಯೂ ಬರೆದಿಟ್ಟದ್ದಲ್ಲ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು ಆ ಕ್ಷಣದಲ್ಲಿ ಕಟ್ಟುವ ಮಾತು ಅದು. ಎದುರಾಳಿ ಎಸೆದ ಪ್ರಶ್ನೆಗೆ ತಕ್ಕಂತೆ ಉತ್ತರ ಹುಟ್ಟುತ್ತದೆ. ಅದೇ ಪ್ರಸಂಗ, ಅದೇ ಪಾತ್ರ, ಅದೇ ಕಲಾವಿದರಾದರೂ ಮರುದಿನದ ಮಾತು ಬೇರೆಯೇ. ಚಿತ್ರಗೀತೆಯ ಒಂದು ಸಿಡಿ ಮುರಿದರೆ ಅದರ ಲಕ್ಷ ಸೋದರರು ಉಳಿದಿರುತ್ತಾರೆ. ಒಂದು ರಾತ್ರಿಯ ತಾಳಮದ್ದಳೆಯನ್ನು ಒಬ್ಬರೇ ಮುದ್ರಿಸಿಕೊಂಡಿದ್ದರೆ, ಆ ಸಿಡಿ ಮುರಿದಾಗ ಆ ರಾತ್ರಿಯೇ ಅಳಿಯುತ್ತದೆ.

ಕಾಸರಗೋಡಿನ ಮಣ್ಣಿನಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂತಹ ಪಾತ್ರಗಳಿಗೆ ಅರ್ಥ ಹೇಳಿ ಪ್ರತಿನಾಯಕನಿಗೂ ಒಂದು ನ್ಯಾಯವಿದೆಯೆಂದು ಜನರನ್ನು ಚಿಂತನೆಗೆ ಹಚ್ಚಿದವರು. ಕುಂಬಳೆ ಸುಂದರ ರಾಯರು ಪ್ರಾಸಬದ್ಧವಾದ ನಿರರ್ಗಳ ಕನ್ನಡದಿಂದ ಸಭೆಯನ್ನು ಹಿಡಿದವರು; 2022ರಲ್ಲಿ ತೀರಿಕೊಂಡರು. ಪಡ್ರೆಯಲ್ಲಿ ಜನಿಸಿದ ಬಲಿಪ ನಾರಾಯಣ ಭಾಗವತರು ಏರುಶ್ರುತಿಯ ತುಂಬುಕಂಠದಿಂದ ‘ಬಲಿಪ ಶೈಲಿ’ಯನ್ನು ಮನೆಮಾತಾಗಿಸಿದವರು, 2023ರ ಫೆಬ್ರವರಿಯಲ್ಲಿ ಅಗಲಿದರು. ಈ ಮೂವರ ಧ್ವನಿಯನ್ನು ಇನ್ನು ಹೊಸದಾಗಿ ಮುದ್ರಿಸಲಾಗದು. ಇದ್ದುದಷ್ಟೇ ಆಸ್ತಿ. ಅದರ ಒಂದು ಪಾಲು ಸಂಸ್ಥೆಗಳಲ್ಲಿ, ಆಕಾಶವಾಣಿಯ ಭಂಡಾರದಲ್ಲಿ, ಅಂತರ್ಜಾಲದಲ್ಲಿ ಇದೆ. ಇನ್ನೊಂದು ಪಾಲು ಮನೆಗಳ ಅಟ್ಟದಲ್ಲಿ, ಬೀರುವಿನ ತಳದಲ್ಲಿ, ಹೆಸರಿಲ್ಲದ ತಟ್ಟೆಗಳ ಕಂತೆಯಲ್ಲಿ ಇರುವ ಸಂಭವ ಹೆಚ್ಚು.

ಆ ತಟ್ಟೆಗಳಿಗೆ ಕಾಲಮಿತಿಯಿದೆ ಎಂಬುದನ್ನು ಗಮನಿಸಬೇಕು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಗೂ ಕಂಪ್ಯೂಟರಿನಲ್ಲಿ ಬರೆದ ಸಿಡಿಗೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ನಿಜವಾದ ಕುಳಿಗಳಿಲ್ಲ. ಲೇಸರ್ ಶಾಖದಿಂದ ಬಣ್ಣಗೆಟ್ಟ ರಾಸಾಯನಿಕ ಪದರದ ಕಲೆಗಳಷ್ಟೇ ಇವೆ. ಬಿಸಿಲು, ಸೆಕೆ, ತೇವಾಂಶಗಳಿಂದ ಆ ಪದರ ಕೆಡುತ್ತದೆ. ಕರಾವಳಿಯ ಮಳೆಗಾಲ ಅದಕ್ಕೆ ಹಗೆ. ಸಿಡಿಯ ಹೊಳೆಯುವ ಕೆಳಮುಖವನ್ನೇ ಕಾಪಾಡಬೇಕೆಂದು ಜನರು ತಿಳಿದಿರುತ್ತಾರೆ. ವಾಸ್ತವವಾಗಿ ಹೆಸರು ಬರೆಯುವ ಮೇಲ್ಮುಖವೇ ಹೆಚ್ಚು ಸೂಕ್ಷ್ಮ. ಧ್ವನಿಯಿರುವ ಪದರ ಆ ಮಗ್ಗುಲಿನಲ್ಲಿ ತೆಳುವಾದ ಅರಗಿನ ಲೇಪದ ಕೆಳಗೇ ಇದೆ. ಚೂಪಾದ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಹೆಸರಿನ ಜೊತೆಗೇ ಗಾಯವೂ ಆಗುತ್ತದೆ.

ಮನೆಯೂ ಶಾಲೆಯೂ ಮಾಡಬಹುದಾದುದು

ಇದಕ್ಕೆ ದೊಡ್ಡ ಯೋಜನೆಯಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.

ಮೊದಲು ಮನೆಯ ಸಿಡಿಗಳನ್ನು ಎರಡು ರಾಶಿ ಮಾಡಬೇಕು. ಅಂಗಡಿಯಲ್ಲಿ ಕೊಂಡವು ಒಂದೆಡೆ. ಮನೆಯಲ್ಲಿ, ಊರಿನಲ್ಲಿ ಮುದ್ರಿಸಿದವು ಇನ್ನೊಂದೆಡೆ. ತುರ್ತು ಇರುವುದು ಎರಡನೆಯ ರಾಶಿಗೆ. ಮೆತ್ತನೆಯ ಒಣಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಬೇಕು, ವೃತ್ತಾಕಾರವಾಗಿ ಉಜ್ಜಬಾರದು. ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ ತಂತಿಯಿಂದ ಜೋಡಿಸುವ ಡ್ರೈವ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಇಡೀ ಶಾಲೆಗೆ ಅಥವಾ ನೆರೆಯ ಹತ್ತು ಮನೆಗಳಿಗೆ ಅದು ಒಂದೇ ಸಾಕು.

ಎಂಪಿ3 ತಟ್ಟೆಯಾದರೆ ಕಡತಗಳನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಸಂಗೀತದ ಸಿಡಿಯಾದರೆ ಧ್ವನಿಯ ಯಾವ ಅಂಶವನ್ನೂ ಕಳೆಯದ ‘ವೇವ್’ ಅಥವಾ ‘ಫ್ಲ್ಯಾಕ್’ ಮಾದರಿಯಲ್ಲಿ ಇಳಿಸಿಕೊಳ್ಳುವುದು ಒಳ್ಳೆಯದು. ಸ್ಥಳದ ಚಿಂತೆ ಬೇಡ. 64 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ‘ವೇವ್’ ಮಾದರಿಯ ಸುಮಾರು ನೂರು ಗಂಟೆಗಳ ಧ್ವನಿ ಹಿಡಿಸುತ್ತದೆ. ಹೀಗೆ ಇಳಿಸಿದ್ದನ್ನು ಎರಡು ಸಾಧನಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ ಇಡಬೇಕು. ಕಲೋತ್ಸವದ ಅಧ್ಯಾಪಕರ ಎರಡು ಪ್ರತಿಯ ನೀತಿ ಇಲ್ಲಿಯೂ ಸರಿಯೇ.

ಮುಖ್ಯವಾದ ಕೆಲಸ ಮುಂದಿನದು. ಪ್ರತಿಯೊಂದು ಕಡತಕ್ಕೂ ಹೆಸರು ಕೊಡಬೇಕು: ಪ್ರಸಂಗ, ಊರು, ದಿನಾಂಕ, ಭಾಗವತರು, ಮದ್ದಳೆ, ಚೆಂಡೆ, ಅರ್ಥಧಾರಿಗಳು. ಹೊದಿಕೆಯ ಹಾಳೆಯಿದ್ದರೆ ಅದರ ಛಾಯಾಚಿತ್ರ ತೆಗೆದು ಜೊತೆಗಿಡಬೇಕು. ಹೆಸರು ತಿಳಿಯದಿದ್ದರೆ ಹಿರಿಯರ ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಕೇಳಿಸಿದರೆ ಸಾಕು. ಒಂದು ‘ಆ’ಕಾರದಲ್ಲಿ ಭಾಗವತರನ್ನು, ಒಂದು ಕೆಮ್ಮಿನಲ್ಲಿ ಅರ್ಥಧಾರಿಯನ್ನು ಗುರುತಿಸಬಲ್ಲ ಕಿವಿಗಳು ಈ ನೆಲದಲ್ಲಿ ಇನ್ನೂ ಇವೆ. ಅವರು ಹೇಳುವುದನ್ನು ಮಗು ಬರೆದುಕೊಳ್ಳುವಾಗ ಅಂಗಳದ ಹಳೆಯ ಶ್ರೋತೃವೃಂದ ಸ್ವಲ್ಪ ಹೊತ್ತಾದರೂ ಮತ್ತೆ ಸೇರಿದಂತಾಗುತ್ತದೆ.

ಕನ್ನಡ ಅಧ್ಯಾಪಕರು ಇದನ್ನು ತರಗತಿಯ ಚಟುವಟಿಕೆಯನ್ನಾಗಿ ಮಾಡಿಕೊಳ್ಳಬಹುದು. ಒಂದು ತಟ್ಟೆಯ ವಿವರವನ್ನು ಒಂದು ಪುಟದಲ್ಲಿ ಬರೆಯುವುದು ಮಕ್ಕಳಿಗೆ ಒಳ್ಳೆಯ ಬರವಣಿಗೆಯ ಅಭ್ಯಾಸ. ಹತ್ತು ನಿಮಿಷಗಳ ಅರ್ಥಗಾರಿಕೆಯನ್ನು ಕೇಳಿ ಅಕ್ಷರಕ್ಕಿಳಿಸುವುದು ಯಾವ ವ್ಯಾಕರಣ ಪಾಠಕ್ಕೂ ಕಡಿಮೆಯಲ್ಲ; ಪಠ್ಯದಲ್ಲಿ ಎದುರಾಗದ ನೂರಾರು ಪದಗಳು ಅಲ್ಲಿ ಜೀವಂತವಾಗಿ ಸಿಗುತ್ತವೆ. ಎಲ್ಲ ಪುಟಗಳನ್ನೂ ಸೇರಿಸಿದರೆ ಶಾಲೆಯ ಗ್ರಂಥಾಲಯದಲ್ಲಿ ಊರಿನ ಧ್ವನಿಗಳ ಒಂದು ಯಾದಿ ಸಿದ್ಧವಾಗುತ್ತದೆ.

ಒಂದು ಎಚ್ಚರಿಕೆಯೂ ಅಗತ್ಯ. ಮಾರಾಟಕ್ಕೆ ಬಂದ ಧ್ವನಿಮುದ್ರಣಗಳಿಗೆ ಭಾರತದ ಕಾನೂನಿನಲ್ಲಿ ಪ್ರಕಟಣೆಯಿಂದ ಅರುವತ್ತು ವರ್ಷಗಳ ಹಕ್ಕುಸ್ವಾಮ್ಯವಿದೆ. ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಮನೆಯಲ್ಲಿ ಜೋಪಾನವಾಗಿ ಇಡುವುದು ಬೇರೆ, ಅಂತರ್ಜಾಲಕ್ಕೆ ಏರಿಸಿ ಊರಿಗೆಲ್ಲ ಹಂಚುವುದು ಬೇರೆ. ಹಂಚುವ ಮೊದಲು ಕಲಾವಿದರನ್ನೋ ಅವರ ಕುಟುಂಬದವರನ್ನೋ ಕೇಳುವುದು ಕಾನೂನಿನ ಮಾತಷ್ಟೇ ಅಲ್ಲ, ಮರ್ಯಾದೆಯ ಮಾತು. ಹಾಗೆ ಕೇಳಲು ಹೋದಾಗ ಅವರ ಮನೆಯಲ್ಲಿ ಇನ್ನಷ್ಟು ತಟ್ಟೆಗಳು ಸಿಕ್ಕಿದರೂ ಸಿಕ್ಕಬಹುದು.

ಸಿಡಿ ಮರಳಿ ಬರಲಾರದು. ಬರಬೇಕೆಂಬ ಹಟವೂ ಬೇಡ. ಗ್ರಾಮಫೋನು ಹೋಯಿತು, ಕ್ಯಾಸೆಟ್ಟು ಹೋಯಿತು, ಇಂದಿನ ಪೆನ್‌ಡ್ರೈವ್ ಕೂಡ ನಾಳೆ ಹೋಗುತ್ತದೆ. ಪಾತ್ರೆ ಬದಲಾಗುವಾಗ ಹಾಲನ್ನು ಚೆಲ್ಲದೆ ಸುರಿದುಕೊಳ್ಳುವುದಷ್ಟೇ ಮನೆಯವರ ಕೆಲಸ. ಮುಂದಿನ ತೊಂಡೆಯ ಚಪ್ಪರಕ್ಕೆ ತಟ್ಟೆ ಕಟ್ಟುವ ಮೊದಲು ಅದರ ಬೆನ್ನಿನ ಮೇಲಿನ ಬರಹವನ್ನು ಒಮ್ಮೆ ಓದಬೇಕು, ಒಳಗಿನ ದನಿಯನ್ನು ಒಮ್ಮೆ ಕೇಳಬೇಕು, ನಕಲು ಮಾಡಿ ಹೆಸರು ಬರೆದಿಡಬೇಕು. ಆಮೇಲೆ ಅದು ಗಾಳಿಗೆ ತಿರುಗುತ್ತ ಗಿಳಿಗಳನ್ನು ಓಡಿಸಿದರೆ ಯಾರಿಗೂ ನಷ್ಟವಿಲ್ಲ.